ನೆರೆಯ ದೇಶಗಳಲ್ಲಿ ಪ್ರಭಾವ ಬೆಳೆಸಲು ಸಾಂಸ್ಕೃತಿಕ ರಾಜತಾಂತ್ರಿಕತೆ ನಿಜಕ್ಕೂ ನೆರವಾಗುತ್ತದೆಯೇ?

ಕಲೆ, ಭಾಷೆ, ಶಿಕ್ಷಣದ ಮೂಲಕ ಸಂಬಂಧ ಬೆಳೆಸುವ ಈ ದಾರಿ ನೆರವಾಗುತ್ತದೆ, ಆದರೆ ನಿಧಾನವಾಗಿ. ಜಪಾನನ್ನೇ ನೋಡಿ. 1974ರಲ್ಲಿ ಪ್ರಧಾನಿ ತನಾಕಾ ಆಗ್ನೇಯ ಏಷ್ಯಾ ಪ್ರವಾಸ ಕೈಗೊಂಡಾಗ ಬ್ಯಾಂಕಾಕ್‌ನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಜಕಾರ್ತದಲ್ಲಿ ಜಪಾನೀ ಕಾರುಗಳಿಗೆ ಬೆಂಕಿ ಬಿತ್ತು. ಎರಡನೇ ಮಹಾಯುದ್ಧಕಾಲದ ಜಪಾನೀ ಆಕ್ರಮಣದ ನೆನಪು ಇನ್ನೂ ಮಾಸಿರಲಿಲ್ಲ. ಅದರ ಮೇಲೆ ಜಪಾನೀ ಸರಕಿನ ಪ್ರಾಬಲ್ಯ ಬೇರೆ. ಬರೀ ವ್ಯಾಪಾರದಿಂದ ವಿಶ್ವಾಸ ಹುಟ್ಟದೆಂಬುದು ಆಗ ಸ್ಪಷ್ಟವಾಯಿತು. 1977ರಲ್ಲಿ ಪ್ರಧಾನಿ ಫುಕುಡಾ ಮನಿಲಾದಲ್ಲಿ, ಜಪಾನ್ ಮತ್ತೆ ಸೇನಾ ಬಲಾಢ್ಯ ರಾಷ್ಟ್ರವಾಗುವುದಿಲ್ಲ, ಹೃದಯದಿಂದ ಹೃದಯಕ್ಕೆ ಸಂಬಂಧ ಬೆಳೆಸುತ್ತದೆ ಎಂದು ಘೋಷಿಸಿದರು. ಭಾಷಾ ಕಲಿಕೆ, ವಿದ್ಯಾರ್ಥಿವೇತನ, ಕಲಾವಿದರ ವಿನಿಮಯ ದಶಕಗಳ ಕಾಲ ನಡೆದವು. ನೀತಿ ಬದಲಾಗದೆ ಬರೀ ನೃತ್ಯತಂಡ ಕಳುಹಿಸಿದ್ದರೆ ಯಾರೂ ನಂಬುತ್ತಿರಲಿಲ್ಲ. ತನ್ನ ಕಲೆಯನ್ನು ಹೊರಗೆ ಮೆರೆಸುವುದು ಸುಲಭ. ಆದರೆ 1990ರಲ್ಲಿ ಜಪಾನ್ ಟೋಕಿಯೋದಲ್ಲೇ ಆಸಿಯಾನ್ (ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟ) ಸಂಸ್ಕೃತಿ ಕೇಂದ್ರ ತೆರೆದು, ನೆರೆಯವರ ಕಲೆಯನ್ನು ತನ್ನ ಜನರಿಗೆ ಪರಿಚಯಿಸಿದ್ದನ್ನೇ ನಾನು ಹೆಚ್ಚು ಮೆಚ್ಚುತ್ತೇನೆ.