ಮನೆ ಅಡ್ವಾನ್ಸ್ ದುಡ್ಡನ್ನ ಮೊದಲು ಲೆಕ್ಕದಿಂದ ತೆಗೆಯಿರಿ

ನಿಮ್ಮ ಪ್ರಶ್ನೆ ಓದುತ್ತಾ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. "ಉಳಿತಾಯ 9 ಲಕ್ಷ ಇದೆ, ಜೊತೆಗೆ ಬಾಡಿಗೆ ಮನೆ ಓನರ್ ಹತ್ತಿರ ಅಡ್ವಾನ್ಸ್ ಎರಡೂವರೆ ಲಕ್ಷ, ಒಟ್ಟು ಹನ್ನೊಂದೂವರೆ." 60 ಲಕ್ಷದ ಫ್ಲಾಟ್ ತಗೊಳ್ಳೋಕೆ ಸಂಬಳದಲ್ಲಿ ಎಷ್ಟು ಪರ್ಸೆಂಟ್ ಉಳಿಸಬೇಕು ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಆ "ಜೊತೆಗೆ" ಅಂತ ಬರೆದಿದ್ದೀರಲ್ಲ, ನಾನೂ ಹಾಗೇ ಬರೆದುಕೊಂಡಿದ್ದೆ. ಅದರಿಂದ ನನ್ನ ಹೆಂಡತಿಯ ನಾಲ್ಕು ಬಳೆ, ಒಂದು ಲಾಂಗ್ ಚೈನ್ ಹದಿನಾರು ತಿಂಗಳು ಅಡವಿನಲ್ಲಿದ್ದವು.

2021ರ ಮಾತು. ನಾಗರಭಾವಿಯಲ್ಲಿ ಬಾಡಿಗೆಗಿದ್ದೆವು, ತಿಂಗಳಿಗೆ 21 ಸಾವಿರ. ಆ ಆಗಸ್ಟ್ ಕೊನೆಗೆ ಮೆಟ್ರೋ ಕೆಂಗೇರಿವರೆಗೆ ಬಂತು. ಸೆಪ್ಟೆಂಬರ್‌ನಲ್ಲಿ ಕೆಂಗೇರಿ ಕಡೆ ಒಂದು ಹಳೇ ಫ್ಲಾಟ್ ಸಿಕ್ಕಿತು, ಎರಡು ಬೆಡ್‌ರೂಮು, 62 ಲಕ್ಷ. ರೀಸೇಲ್ ಆದ್ದರಿಂದ ಜಿಎಸ್‌ಟಿ ಇಲ್ಲ. ನಾನು ದಿನವಿಡೀ ಎಕ್ಸೆಲ್‌ನಲ್ಲೇ ಕೆಲಸ ಮಾಡುವವನು. ಮನೆ ಲೆಕ್ಕಕ್ಕೂ ಒಂದು ಶೀಟ್ ಮಾಡಿದೆ. ಬಣ್ಣ ಎಲ್ಲ ಹಾಕಿ.

ಖರ್ಚಿನ ಕಡೆ ಹೀಗಿತ್ತು. ಬ್ಯಾಂಕ್ 80% ಕೊಡುತ್ತದೆ, 49.6 ಲಕ್ಷ. ಉಳಿದ 12.4 ಲಕ್ಷ ನಮ್ಮದು. ನೋಂದಣಿ ಖರ್ಚಿಗೆ ಬ್ಯಾಂಕ್ ಸಾಲ ಬರುವುದಿಲ್ಲ ಅನ್ನೋದು ನನಗೆ ಗೊತ್ತಿತ್ತು, ಅಷ್ಟರ ಮಟ್ಟಿಗೆ ಜಾಣ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6%, ನೋಂದಣಿ ಶುಲ್ಕ ಆಗ 1%. ಒಟ್ಟು 4,09,200. ಬ್ರೋಕರ್‌ಗೆ 62 ಸಾವಿರ. ವಕೀಲರು, ಪ್ರೊಸೆಸಿಂಗ್ ಫೀ, ಬ್ಯಾಂಕಿಗೆ ಪತ್ರ ಒಪ್ಪಿಸುವ ಖರ್ಚು ಅಂತ 45 ಸಾವಿರ. ಕೂಡಿಸಿದರೆ 17,56,200.

ಆದಾಯದ ಕಡೆ: ಎಫ್‌ಡಿ 9 ಲಕ್ಷ, ಪಿಎಫ್‌ನಿಂದ 4.1, ಅಪ್ಪ ಕೊಟ್ಟಿದ್ದು ಎರಡೂವರೆ. ಕೊನೆಗೆ, "ಮನೆ ಅಡ್ವಾನ್ಸ್ ವಾಪಸ್: 2,00,000". ಒಟ್ಟು 17.6 ಲಕ್ಷ. 3,800 ರೂಪಾಯಿ ಮಿಗುತ್ತದೆ ಅಂತ ಕೊನೆಯ ಚೌಕ ಹಸಿರಾಯಿತು. ಆ ಹಸಿರು ನೋಡಿ ನಾನು ಮಾರುವವರಿಗೆ ಟೋಕನ್ ಕೊಟ್ಟೆ.

ಈಗ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ. ಆ ಎರಡು ಲಕ್ಷ ಸುಳ್ಳಲ್ಲ. ಅದು ನನ್ನದೇ ದುಡ್ಡು, ರಸೀದಿ ಇತ್ತು, ಅಗ್ರಿಮೆಂಟ್‌ನಲ್ಲಿ ಬರೆದಿತ್ತು. ಮೊತ್ತ ಸರಿ ಇತ್ತು. ತಾರೀಖು ಇರಲಿಲ್ಲ. ನನ್ನ ಶೀಟಿನಲ್ಲಿ ತಾರೀಖಿನ ಕಾಲಮ್ಮೇ ಇರಲಿಲ್ಲ.

ಅಡ್ವಾನ್ಸ್ ಯಾವಾಗ ಬರುತ್ತದೆ? ಮನೆ ಖಾಲಿ ಮಾಡಿ ಕೀ ಕೊಟ್ಟ ಮೇಲೆ. ಖಾಲಿ ಮಾಡೋದು ಯಾವಾಗ? ಹೊಸ ಮನೆಯಲ್ಲಿ ವಾಸಕ್ಕೆ ಆಗುವಂತಾದ ಮೇಲೆ. ಹೊಸ ಮನೆ ಕೈಗೆ ಬರೋದು ನೋಂದಣಿ ಆದ ಮೇಲೆ. ನೋಂದಣಿ ಆಗಬೇಕಾದರೆ ಬ್ಯಾಂಕ್ ಸಾಲದ ಮೊತ್ತಕ್ಕೆ ಡಿಡಿ ಕೊಡಬೇಕು. ನಮ್ಮ ಪಾಲಿನ 12.4 ಲಕ್ಷ ಪೂರ್ತಿ ಮಾರುವವರಿಗೆ ಹೋಗಿದೆ ಅನ್ನೋದಕ್ಕೆ ದಾಖಲೆ ತೋರಿಸದೆ ಬ್ಯಾಂಕ್ ಡಿಡಿ ಕೊಡುವುದಿಲ್ಲ. ಹಾಗಾಗಿ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಹೋಗಬೇಕಾದ ದುಡ್ಡಿಗೆ ಎಲ್ಲರಿಗಿಂತ ಕೊನೆಯಲ್ಲಿ ಬರುವ ದುಡ್ಡನ್ನು ನಾನು ನಂಬಿಕೊಂಡಿದ್ದೆ. ಇದು ನನಗೆ ಹೊಳೆದಿದ್ದು ನೋಂದಣಿಗೆ ನಾಲ್ಕು ದಿನ ಇದ್ದಾಗ. ಬ್ಯಾಂಕಿನ ಹುಡುಗಿ ಫೋನ್ ಮಾಡಿ "ಸರ್, ಮಾರ್ಜಿನ್ ಮನಿ ಇನ್ನೂ ಎರಡು ಲಕ್ಷ ತೋರಿಸಬೇಕು ನೀವು" ಅಂದಳು. ಮಾರ್ಜಿನ್ ಮನಿ ಅಂದರೆ ನಮ್ಮ ಪಾಲಿನ ದುಡ್ಡು.

ಓನರ್ ಮನೆಗೆ ಓಡಿದೆ. ಒಳ್ಳೆಯ ಮನುಷ್ಯ, ಏಳು ವರ್ಷ ಒಂದು ದಿನ ಜಗಳ ಆಡಿದವರಲ್ಲ. ಕಾಫಿ ಕೊಟ್ಟರು. "ಬೇರೆಯವರು ಬರಲಪ್ಪ, ಅವರ ಅಡ್ವಾನ್ಸ್ ಬಂದ ತಕ್ಷಣ ನಿನಗೆ ಕೊಡ್ತೀನಿ" ಅಂದರು. ಅವರದೂ ತಪ್ಪಿಲ್ಲ. ನನ್ನ ದುಡ್ಡನ್ನ ಅವರು ಬೀರುವಿನಲ್ಲಿ ಇಟ್ಟಿರಲಿಲ್ಲ. ಅದು ಯಾವತ್ತೋ ಮೇಲಿನ ಮಹಡಿಯ ಟೈಲ್ಸ್ ಆಗಿತ್ತು. ಬೆಂಗಳೂರಿನಲ್ಲಿ ಅಡ್ವಾನ್ಸ್ ಅನ್ನೋದು ಹೀಗೇ ತಿರುಗುತ್ತಿರುತ್ತದೆ, ಬರುವವನ ದುಡ್ಡು ಹೋಗುವವನ ಕೈಗೆ.

ಪರ್ಸನಲ್ ಲೋನ್ ಯೋಚನೆ ಬಂತು. ಆದರೆ ಹೋಮ್ ಲೋನ್ ಕೈಗೆ ಬರುವ ಮೊದಲೇ ಇನ್ನೊಂದು ಸಾಲ ತೆಗೆದರೆ ಸಿಬಿಲ್‌ನಲ್ಲಿ (ನಮ್ಮ ಸಾಲಗಳ ದಾಖಲೆ) ಕಾಣುತ್ತದೆ, ಬ್ಯಾಂಕ್ ಮತ್ತೆ ಲೆಕ್ಕ ಹಾಕಿ ಮೊತ್ತ ಕಡಿಮೆ ಮಾಡಬಹುದು. ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಬೀರು ತೆಗೆದು, ಹಳೇ ರೇಷ್ಮೆ ಸೀರೆಯ ಮಡಿಕೆಯಿಂದ ಡಬ್ಬಿ ತೆಗೆದು ಮಂಚದ ಮೇಲಿಟ್ಟಳು. ಬೆಳಗ್ಗೆ ನಮ್ಮ ಏರಿಯಾದ ಒಂದು ಸಹಕಾರಿ ಬ್ಯಾಂಕಿಗೆ ಹೋದೆವು. ಅಲ್ಲಿದ್ದವರು ಒಂದೊಂದೇ ಬಳೆಯನ್ನು ಕಪ್ಪು ಕಲ್ಲಿಗೆ ಉಜ್ಜಿ, ಹನಿ ಹಾಕಿ ನೋಡಿ, ತೂಕಕ್ಕೆ ಇಟ್ಟರು. 60 ಗ್ರಾಂ ಮೇಲೆ ಸ್ವಲ್ಪ. ಎರಡು ಲಕ್ಷ, ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿ. ಸೀಲ್ ಮಾಡುವ ಮೊದಲು ಅವಳು ಒಂದು ಬಳೆಯನ್ನು ಎತ್ತಿಕೊಂಡು ಸುಮ್ನೆ ಒರೆಸಿದಳು, ಕಲ್ಲಿಗೆ ಉಜ್ಜಿದ ಗುರುತು ಹೋಗುತ್ತೇನೋ ಅಂತ. ಹೋಗಲಿಲ್ಲ.

ನವೆಂಬರ್ ಮೂರನೇ ವಾರ ನೋಂದಣಿ ಆಯಿತು. ಮುಗಿಯಿತು ಅಂದುಕೊಂಡೆ. ತಾರೀಖಿನ ಕಾಲಮ್ ಇಲ್ಲದ ಶೀಟು ಇನ್ನೂ ಮುಗಿದಿರಲಿಲ್ಲ.

ಡಿಸೆಂಬರ್‌ನಿಂದ ಇಎಂಐ ಶುರು, 37,714. ಮರಗೆಲಸ ಅರ್ಧ ಆಗಿತ್ತು. ಅಷ್ಟರಲ್ಲಿ ಧನುರ್ಮಾಸ. ಸಂಕ್ರಾಂತಿ ಆಗದೆ ಗೃಹಪ್ರವೇಶ ಬೇಡ ಅಂತ ಅಮ್ಮ. ಆಮೇಲೆ ಒಳ್ಳೆ ದಿನ ಸಿಕ್ಕಿದ್ದು ಫೆಬ್ರವರಿಯಲ್ಲಿ. ಡಿಸೆಂಬರ್, ಜನವರಿ, ಫೆಬ್ರವರಿ, ಮೂರು ತಿಂಗಳು ಇಎಂಐ ಕೂಡ ಕಟ್ಟಿದೆ, ಬಾಡಿಗೆ ಕೂಡ ಕಟ್ಟಿದೆ. 63 ಸಾವಿರ ಬಾಡಿಗೆ, ನನ್ನದೇ ಮನೆಯ ಕೀ ಜೇಬಲ್ಲಿ ಇಟ್ಟುಕೊಂಡು! (ಗೃಹಪ್ರವೇಶಕ್ಕೆ ಅರವತ್ತು ಜನ ಅಂದಿದ್ದೆವು, ಊಟಕ್ಕೆ ಕೂತಿದ್ದು ನೂರನಲವತ್ತು. ಅದರ ಬಗ್ಗೆ ನಾನೇನೂ ಹೇಳಲ್ಲ, ಅಮ್ಮ ಇದನ್ನ ಓದಬಹುದು.)

ಅಡ್ವಾನ್ಸ್ ಬಂತು. ಏಪ್ರಿಲ್‌ನಲ್ಲಿ ಒಂದು ಲಕ್ಷ, ಮೇನಲ್ಲಿ ಉಳಿದದ್ದು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು, ಅದು ಇಲ್ಲಿನ ಪದ್ಧತಿ. ಬಂದ ದುಡ್ಡಲ್ಲಿ ಬಳೆ ಬಿಡಿಸಬೇಕಿತ್ತು. ಬಡಗಿಗೆ ಬಾಕಿ ಇತ್ತು, ಗೀಸರ್, ಗ್ರಿಲ್, ಸೊಳ್ಳೆ ಪರದೆ, ಅಡುಗೆಮನೆಗೆ ಚಿಮಣಿ, ಎಲ್ಲ ಅದರಲ್ಲೇ ಕರಗಿತು. ಆ ಮೇನಲ್ಲೇ ನಾದಿನಿ ಮದುವೆ. ನನ್ನ ಹೆಂಡತಿ ಗಿಲೀಟು ಬಳೆ ಹಾಕಿಕೊಂಡು ಆರತಿ ತಟ್ಟೆ ಹಿಡಿದಳು. ಫೋಟೋದಲ್ಲಿ ಯಾರಿಗೂ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತದೆ.

ಬಳೆ ಬಿಡಿಸಿದ್ದು 2023ರ ಮಾರ್ಚ್‌ನಲ್ಲಿ. ಬಡ್ಡಿ 32 ಸಾವಿರ, ಡಬಲ್ ಬಾಡಿಗೆ 63, ಪೇಂಟಿಂಗ್ 21. ಶೀಟಿನಲ್ಲಿ ಒಂದೂ ಇಲ್ಲದ 1,16,000. ಒಂದು ಕಾಲಮ್‌ಗೆ ಕೊಟ್ಟ ಬೆಲೆ.

ಈಗ ನಿಮ್ಮ ಪ್ರಶ್ನೆಗೆ. ಎಷ್ಟು ಪರ್ಸೆಂಟ್ ಉಳಿಸಬೇಕು ಅನ್ನೋದನ್ನ ಬಿಟ್ಟುಬಿಡಿ. ಇಪ್ಪತ್ತೋ ಮೂವತ್ತೋ, ಆ ನಿಯಮಗಳಿಗೆ ಧನುರ್ಮಾಸ ಗೊತ್ತಿಲ್ಲ. ಒಂದು ಹಾಳೆ ತಗೊಂಡು ಟೋಕನ್ ಕೊಡುವ ದಿನದಿಂದ ಹಳೇ ಮನೆ ಅಡ್ವಾನ್ಸ್ ಕೈಗೆ ಬರುವ ದಿನದವರೆಗೆ ತಿಂಗಳು ತಿಂಗಳು ಬರೆಯಿರಿ. ಪ್ರತಿ ತಿಂಗಳ ಕೆಳಗೆ ಬ್ಯಾಂಕ್ ಖಾತೆಯಲ್ಲಿ ಆ ದಿನ ನಿಜವಾಗಿ ಎಷ್ಟಿರುತ್ತದೆ ಅಂತ ಹಾಕಿ. ಯಾವುದಾದರೂ ತಿಂಗಳು ಸೊನ್ನೆಗಿಂತ ಕೆಳಗೆ ಹೋದರೆ ನೀವಿನ್ನೂ ಮನೆ ತಗೊಳ್ಳೋಕೆ ತಯಾರಿಲ್ಲ, ಕೊನೆಯ ಮೊತ್ತ ಎಷ್ಟೇ ಹಸಿರಾಗಿರಲಿ.

ನಿಮ್ಮ ಲೆಕ್ಕ ನಾನೇ ಹಾಕಿ ನೋಡಿದೆ. 60 ಲಕ್ಷದ ಫ್ಲಾಟಿಗೆ ನಿಮ್ಮ ಪಾಲು 12 ಲಕ್ಷ. 30 ಲಕ್ಷದೊಳಗಿನ ಸಾಲಕ್ಕೆ 90% ತನಕ ಕೊಡಬಹುದು, ನಿಮ್ಮ ಮೊತ್ತಕ್ಕೆ 80% ಮಿತಿ. ಅದೂ ಅಗ್ರಿಮೆಂಟ್ ಬೆಲೆ, ಬ್ಯಾಂಕಿನ ಎಂಜಿನಿಯರ್ ಹಾಕುವ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ಹಾಗಾಗಿ ನಿಮಗೆ ಒಟ್ಟು 7.6%, ಅಂದರೆ 4.56 ಲಕ್ಷ. ಇನ್ನೂ ಕಟ್ಟುತ್ತಿರುವ ಫ್ಲಾಟ್ ಆದರೆ ಜಿಎಸ್‌ಟಿ 5% ಬೇರೆ. 50 ಲಕ್ಷ ದಾಟಿದ್ದರಿಂದ 1% ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟೋದು ನಿಮ್ಮ ಕೆಲಸ, ಆದರೆ ಅದು ಮಾರುವವರ ದುಡ್ಡಿನಿಂದಲೇ ಕಳೆಯೋದು, ಗಾಬರಿ ಬೇಡ. ಬೇರೆ ಚಿಲ್ಲರೆ ಖರ್ಚು ಸೇರಿಸಿದರೆ ನೋಂದಣಿ ದಿನಕ್ಕೆ ಹದಿನೇಳೂವರೆ ಬೇಕು. ಬಾಡಿಗೆ, ಇಎಂಐ ಎರಡೂ ಕಟ್ಟುವ ಮೂರು ತಿಂಗಳ ಡಬಲ್ ಖರ್ಚು ಅದರ ಮೇಲೆ ಬೇರೆ. ನಿಮ್ಮ ಹತ್ತಿರ ಇರೋದು ಹನ್ನೊಂದೂವರೆ ಅಲ್ಲ, 9.

"ಬಾಡಿಗೆ ದಂಡ, ಅದನ್ನೇ ಇಎಂಐಗೆ ಹಾಕಿದರೆ ಮನೆ ನಮ್ಮದಾಗುತ್ತೆ" ಅಂತಲೂ ಬರೆದಿದ್ದೀರಿ. ಒಪ್ಪಲ್ಲ. 2021ರಲ್ಲಿ ನನ್ನ ಬಡ್ಡಿ 6.75% ಇತ್ತು. ಆಗ ರೆಪೋ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 4%. 2022ರ ಮೇನಿಂದ ಏರುತ್ತಾ 2023ರ ಫೆಬ್ರವರಿಗೆ ರೆಪೋ 6.5% ಆಯಿತು, ನನ್ನದು 9.25. ಆ ಏಪ್ರಿಲ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ, ಕಟ್ಟಿದ 37,714ರಲ್ಲಿ ಅಸಲಿಗೆ ಹೋಗಿದ್ದು ಇನ್ನೂರು ರೂಪಾಯಿಯೂ ಇಲ್ಲ. ಉಳಿದದ್ದೆಲ್ಲ ಬಡ್ಡಿ. ಅವಧಿ ಎಳೆಯದೆ ಇರಬೇಕಾದರೆ ಇಎಂಐ 45,700 ಮಾಡಬೇಕು ಅಂದರು, ಮಾಡಿದೆ. ಆ ತಿಂಗಳು ಬ್ಯಾಂಕಿಗೆ ನಾನು ಬಾಡಿಗೆದಾರನೇ, ಪೇಂಟಿಂಗ್ ಕೂಡ ನನ್ನದೇ. ತೆರಿಗೆ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನೀವು ಹೊಸ ಪದ್ಧತಿಯಲ್ಲಿದ್ದೀರಾ ನೋಡಿಕೊಳ್ಳಿ. ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ನೀವೀಗ ಇರುವ 23 ಸಾವಿರದ ಬಾಡಿಗೆ ಮನೆಯಲ್ಲೇ ಇರುತ್ತಿದ್ದೆ. 48 ಲಕ್ಷ ಸಾಲಕ್ಕೆ, 8% ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 40 ಸಾವಿರ. ಮೇಂಟೆನೆನ್ಸ್ ಸೇರಿ 43. ಬಾಡಿಗೆ ಕಳೆದು ಉಳಿದ 20 ಸಾವಿರವನ್ನು ಸಂಬಳ ಬಂದ ಮರುದಿನವೇ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿ) ಹಾಕಿ. ಇಎಂಐ ಶುರುವಾಗಿದೆ ಅಂದುಕೊಂಡೇ ಹಾಕಿ. ಆರು ತಿಂಗಳು ಒಮ್ಮೆಯೂ ತಪ್ಪದೆ ಆದರೆ 60 ಲಕ್ಷದ ಮನೆಯ ಭಾರ ನೀವು ಹೊರಬಲ್ಲಿರಿ, ಆಮೇಲೆ ಎರಡೂವರೆ ಮೂರು ವರ್ಷ ಹಾಗೇ ಮುಂದುವರಿಸಿ. ಮೂರನೇ ತಿಂಗಳಿಗೇ ಆರ್‌ಡಿ ಮುರಿದರೆ 45 ಲಕ್ಷದ ಮನೆ ನೋಡಿ. ಅಷ್ಟರಲ್ಲಿ ಬೆಲೆ ಏರಿಬಿಡುತ್ತದೆ ಅಂತ ಬ್ರೋಕರ್ ಹೇಳುತ್ತಾನೆ. ಏರಬಹುದು. ನನಗೂ ಹಾಗೇ ಹೇಳಿದ್ದ, ಅದಕ್ಕೇ ಅಲ್ವಾ ನಾನು ಧನುರ್ಮಾಸದ ಹೊಸ್ತಿಲಲ್ಲಿ ಓಡಿಹೋಗಿ ನೋಂದಣಿ ಮಾಡಿಸಿದ್ದು.

ಇನ್ನೊಂದು, ಓನರ್ ಜೊತೆ ಈಗಲೇ ಮಾತಾಡಿ ಇಡಿ. ಖಾಲಿ ಮಾಡೋ ಎರಡು ತಿಂಗಳ ಮೊದಲಿಂದ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಅಂದರೆ ಎಷ್ಟೋ ಜನ ಒಪ್ಪುತ್ತಾರೆ, ಅವರಿಗೂ ಒಟ್ಟಿಗೆ ಅಷ್ಟು ದುಡ್ಡು ಹೊಂದಿಸೋ ತಲೆನೋವು ತಪ್ಪುತ್ತದೆ. ನನಗೆ ಇದು ಹೊಳೆದಿದ್ದು ಕೀ ಕೊಟ್ಟು ಬಂದ ಮೇಲೆ.

ಈಗ ನಿಮ್ಮ ಶೀಟ್ ತೆಗೆದು ಆ ಎರಡೂವರೆ ಲಕ್ಷದ ಸಾಲನ್ನು ಅಳಿಸಿ, ತಾರೀಖಿನ ಕಾಲಮ್ ಹಾಕಿ, ಇನ್ನೊಮ್ಮೆ ಕೂಡಿಸಿ. ಯಾವ ತಿಂಗಳು ಕೆಂಪು ಬಂತು ಅಂತ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.