ಹೊಟ್ಟೆ ತುಂಬಿತ್ತು, ಕೈ ಸುಮ್ಮನಿರಲಿಲ್ಲ

ತೂಕ ಇಳಿಸುವ ಬಲೂನ್ ಹೊಟ್ಟೆಯಲ್ಲಿದ್ದರೂ ತಿನ್ನುವುದು ನಿಲ್ಲದವರು ಆಪ್ತಸಮಾಲೋಚನೆಗೆ ಅಂತ ನನ್ನ ಬಳಿ ಬಂದದ್ದು ಇದು ಮೂರನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 38 ವರ್ಷ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) 34. ಡಯಟ್ ಮಾಡಿ ಇಳಿಸಿದ್ದು, ಮತ್ತೆ ಏರಿದ್ದು ಎಲ್ಲ ಆಗಿತ್ತು. ಆಪರೇಷನ್ ಅಂದರೆ ಭಯ. ಹಾಗಾಗಿ ಹೊಟ್ಟೆಯಲ್ಲಿ ಜಾಗ ಹಿಡಿದು ಹಸಿವು ಕಡಿಮೆ ಮಾಡುವ, ನುಂಗುವ ಬಲೂನ್ ಹಾಕಿಸಿಕೊಂಡಿದ್ದರು. ಮಡಚಿದ ಬಲೂನ್ ಇರುವ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಬೇಕು. ಅದಕ್ಕೆ ಅಂಟಿಕೊಂಡ ಸಣ್ಣ ಟ್ಯೂಬಿನ ಇನ್ನೊಂದು ತುದಿ ಬಾಯಿಂದ ಹೊರಗೇ ಇರುತ್ತದೆ. ಎಕ್ಸ್‌ರೇಯಲ್ಲಿ ಜಾಗ ನೋಡಿಕೊಂಡು, ಸುಮಾರು ಅರ್ಧ ಲೀಟರ್ ದ್ರವ ತುಂಬಿ, ಟ್ಯೂಬ್ ಎಳೆದುಬಿಡುತ್ತಾರೆ. ಎಂಡೋಸ್ಕೋಪಿ ಬೇಡ, ಅರಿವಳಿಕೆ ಬೇಡ. ಸುಮಾರು 16 ವಾರಕ್ಕೆ ಬಲೂನ್ ತಾನಾಗಿ ಖಾಲಿಯಾಗಿ ಮಲದ ಜೊತೆ ಹೊರಟುಹೋಗುತ್ತದೆ. ಮೊದಲ ಕೆಲವು ದಿನ ವಾಕರಿಕೆ, ವಾಂತಿ, ಹೊಟ್ಟೆನೋವು ಇರುತ್ತದೆ. ಅದನ್ನೆಲ್ಲ ಅವರು ದಾಟಿದ್ದರು.

ನನ್ನ ಹತ್ತಿರ ಬಂದದ್ದು ಒಂಬತ್ತನೇ ವಾರದಲ್ಲಿ. ಮೊದಲ ತಿಂಗಳು ಚೆನ್ನಾಗಿ ಇಳಿದ ತೂಕ ಆಮೇಲೆ ಅಲ್ಲೇ ನಿಂತಿತ್ತು.

"ನನ್ನ ಬಲೂನೇ ಸರಿ ಇಲ್ಲ ಅನ್ಸುತ್ತೆ ಮೇಡಂ."

"ಹಸಿವು ಹೇಗಿದೆ?"

"ಹಸಿವೇ ಆಗಲ್ಲ. ನಾಲ್ಕು ತುತ್ತಿಗೆ ಸಾಕು ಅನ್ಸುತ್ತೆ."

ಹಾಗಾದರೆ ಅದು ತನ್ನ ಕೆಲಸ ಮಾಡುತ್ತಿದೆ ಅಲ್ವಾ ಅಂದೆ. ಅವರು ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಹಾಕುತ್ತಾ ಕೂತರು. ಆಮೇಲೆ ನಿಧಾನಕ್ಕೆ ಹೇಳಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಐಸ್‌ಕ್ರೀಮ್ ಡಬ್ಬಿ ತೆಗೆಯುತ್ತಾರೆ. ಗಟ್ಟಿಯಾಗಿದ್ದರೆ ಇಳಿಯುವುದಿಲ್ಲ. ಅದಕ್ಕೇ ಚಮಚದಲ್ಲಿ ಕಲಕಿ ಕಲಕಿ ಹಾಲಿನ ಹಾಗೆ ಮಾಡಿಕೊಂಡು ಕುಡಿಯುತ್ತಾರೆ. ಹಾಗೆ ಕರಗಿದ್ದು ಬಲೂನಿನ ಪಕ್ಕದಿಂದ ಸಲೀಸಾಗಿ ಜಾರಿಹೋಗುತ್ತದೆ.

ನಾನು ಯಾಕೆ ಅಂತ ಕೇಳಲಿಲ್ಲ. ಯಾಕೆ ಅಂದರೆ ಜನ ಸಮಜಾಯಿಷಿ ಕೊಡೋಕೆ ಶುರು ಮಾಡುತ್ತಾರೆ. "ಅದು ಎಂಥ ಹೊತ್ತು, ಸ್ವಲ್ಪ ಹೇಳಿ" ಅಂದೆ.

"ಆ ಅರ್ಧ ಗಂಟೆ ಯಾರೂ ನನ್ನನ್ನ ಏನೂ ಕೇಳಲ್ಲ" ಅಂದರು.

ಅವತ್ತಿನ ಉಳಿದ ಸಮಯವೆಲ್ಲ ಈ ಒಂದು ಮಾತಿನ ಸುತ್ತಲೇ ಕಳೆಯಿತು. ಬೆಳಗಿನಿಂದ ರಾತ್ರಿವರೆಗೆ ಯಾರ್‍ಯಾರು ಏನೇನು ಕೇಳುತ್ತಾರೆ ಅಂತ ಅವರೇ ಬೆರಳು ಮಡಚಿ ಎಣಿಸಿದರು. ಹತ್ತು ಬೆರಳು ಸಾಲಲಿಲ್ಲ. ನಕ್ಕರು, ಆಮೇಲೆ ಅತ್ತರು. ಬಲೂನ್ ಹಸಿವನ್ನು ತೆಗೆದುಹಾಕಿತ್ತು. ಹಸಿವಲ್ಲದ್ದು ಮಾತ್ರ ಹಾಗೇ ಉಳಿದಿತ್ತು, ಈಗ ಎದ್ದು ಕಾಣುತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟೇ: ಆ ಅರ್ಧ ಗಂಟೆಯನ್ನು ಬಿಡಬೇಡಿ. ಅದನ್ನು ಕದ್ದು ತೆಗೆದುಕೊಳ್ಳುವುದನ್ನು ಬಿಡಿ. ಮನೆಯವರಿಗೆ ಹೇಳಿ, ಸಂಜೆಯೇ, ಎಲ್ಲರೂ ಎದ್ದಿರುವಾಗಲೇ, ಬಾಗಿಲು ಹಾಕಿಕೊಂಡು ಕೂರಿ. ಐಸ್‌ಕ್ರೀಮ್ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ.

ಇನ್ನೊಂದು ವಿಷಯಕ್ಕೆ ಮಾತ್ರ ಪಟ್ಟು ಹಿಡಿದೆ. ಬಲೂನ್ ಹಾಕುವ ಮೊದಲು ಡಾಕ್ಟರು ಹಸಿವಿಲ್ಲದೆ ತಿನ್ನುವ ಅಭ್ಯಾಸ ಇದೆಯಾ ಅಂತ ಕೇಳಿದ್ದರಂತೆ. ಇವರು ಇಲ್ಲ ಅಂದಿದ್ದರು. ಹೌದು ಅಂದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಅನ್ನೋ ಭಯ. ನೀವೇ ಹೋಗಿ ನಿಜ ಹೇಳಿ ಅಂದೆ. ಅತಿಯಾಗಿ ತಿನ್ನುವ ಕಾಯಿಲೆ ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಾಗಬಹುದು. ಮಾತು ಬಂದಾಗ ಇದೂ ಹೇಳಿದೆ: ಈಗ ಮತ್ತೆ ವಾಂತಿ ಶುರುವಾದರೆ, ಜೋರು ಹೊಟ್ಟೆನೋವು ಬಂದರೆ, ತೂಕ ಇಳಿಯಲಿ ಬಿಡು ಅಂತ ಸಹಿಸಿಕೊಂಡು ಕೂರಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅಪರೂಪಕ್ಕೆ ಬಲೂನ್ ಹೊಟ್ಟೆಯಲ್ಲೇ ತಾನಾಗಿ ಇನ್ನಷ್ಟು ಉಬ್ಬಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಬಲೂನ್ ಕರುಳಿನಲ್ಲಿ ಸಿಕ್ಕಿಹಾಕಿಕೊಳ್ಳಬಹುದು.

ಅವರ ಗಂಡ ನನಗೆ ಫೋನ್ ಮಾಡಿದರು. "ಅಷ್ಟು ದುಡ್ಡು ಸುರಿದಿದ್ದೇವೆ, ನೀವು ಬಾಗಿಲು ಹಾಕ್ಕೊಂಡು ಸುಮ್ನೆ ಕೂರೋಕೆ ಹೇಳ್ತೀರಾ?" ಹೌದು, ಹೇಳುತ್ತೇನೆ. ನಾನು ಬಲೂನಿನ ವಿರೋಧಿ ಅಲ್ಲ. ನಾಲ್ಕು ತಿಂಗಳಲ್ಲಿ ತೂಕದ ಹತ್ತನೇ ಒಂದು ಪಾಲು ಇಳಿಸಿಕೊಂಡವರು ಎಷ್ಟೋ ಜನ ಇದ್ದಾರೆ. ಆದರೆ ಹದಿನೇಳನೇ ವಾರಕ್ಕೆ ಹೊಟ್ಟೆ ಖಾಲಿ. ಆಗ ಕೈಗೆ ಹೊಸ ಅಭ್ಯಾಸ ಇಲ್ಲದಿದ್ದರೆ ಹಳೇ ಚಮಚ ಕಾದಿರುತ್ತದೆ.

ಅವರ ಬಲೂನ್ ಹೋಗಿ ಈಗ ಮೂರು ತಿಂಗಳು. ಒಟ್ಟು ಏಳು ಕಿಲೋ ಇಳಿದಿದ್ದರಲ್ಲಿ ಎರಡು ವಾಪಸ್ ಬಂದಿದೆ. ಇನ್ನೊಂದು ಬಲೂನ್ ಹಾಕಿಸಲೇ ಅಂತ ಕೇಳಿದರು. ಡಾಕ್ಟರನ್ನು ಕೇಳಿ, ಆದರೆ ನನ್ನನ್ನು ಕೇಳಿದರೆ ಸ್ವಲ್ಪ ತಡೆಯಿರಿ ಅಂದೆ. ಸಂಜೆಯ ಅರ್ಧ ಗಂಟೆ ವಾರದಲ್ಲಿ ನಾಲ್ಕು ದಿನ ಸಿಗುತ್ತಿದೆಯಂತೆ. ಉಳಿದ ಮೂರು ದಿನ ಯಾರೋ ಬಾಗಿಲು ಬಡಿಯುತ್ತಾರೆ, ಇವರು ಎದ್ದು ಹೋಗುತ್ತಾರೆ. ಸದ್ಯಕ್ಕೆ ನಾವು ಮಾತಾಡುತ್ತಿರುವುದು ಆ ಮೂರು ದಿನದ ಬಗ್ಗೆ.