ವಿಶೇಷ ಶಿಕ್ಷಕರಿಲ್ಲದ ಸರ್ಕಾರಿ ಶಾಲೆಯಿಂದ ಮಗನನ್ನು ಬಿಡಿಸಿ ಗೃಹಾಧಾರಿತ ಶಿಕ್ಷಣಕ್ಕೆ ಸೇರಿಸಬಹುದೇ?

ದಯವಿಟ್ಟು ಬಿಡಿಸಬೇಡಿ. ಬಿಐಇಆರ್‌ಟಿ ಮೇಡಂ, ಅಂದರೆ ಅಂಗವೈಕಲ್ಯವಿರುವ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳಿಗೆ ಭೇಟಿ ಕೊಡುವ ವಿಶೇಷ ಶಿಕ್ಷಕಿ, ತಿಂಗಳಿಗೊಮ್ಮೆ ಬರುವುದೇ ಕಷ್ಟವಾಗಿರುವಾಗ ಎರಡನೇ ತರಗತಿಯ ಮಗನನ್ನು ಶಾಲೆಯಲ್ಲಿ ಸುಮ್ಮನೆ ಕೂರಿಸಿ ಏನು ಫಲ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿದವಳು.

ನನ್ನ ಮಗನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ತುಮಕೂರು ಜಿಲ್ಲೆಯ ನಮ್ಮೂರಿನ ಶಾಲೆಯಲ್ಲಿ ಅವನನ್ನು ಒಂದನೇ ತರಗತಿಗೆ ದಾಖಲಿಸುವ ದಿನ, ಅರ್ಜಿ ತುಂಬುತ್ತಿದ್ದ ಮುಖ್ಯ ಶಿಕ್ಷಕರು ಅಂಗವಿಕಲತೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಜಿಲ್ಲಾಸ್ಪತ್ರೆಯ ಪ್ರಮಾಣಪತ್ರ ನನ್ನ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯದೆ, ‘ಏನೂ ಇಲ್ಲ ಎಂದು ಬರೆಯಿರಿ ಸರ್’ ಎಂದೆ. ಊರಿನವರ ಬಾಯಿಗೆ ಮಗ ಆಹಾರವಾಗಬಾರದು ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದದ್ದು.

ಆ ಒಂದು ಮಾತಿನ ಬೆಲೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಕಾಲಮ್ಮನ್ನು ಖಾಲಿ ಬಿಟ್ಟಿರಬಹುದು. ಶಾಲೆಯವರು ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಿಸುವುದು ಆ ಅರ್ಜಿಯಲ್ಲಿರುವುದನ್ನೇ. ಶಿಕ್ಷಣ ಇಲಾಖೆಯ ತಾಲ್ಲೂಕು ಮಟ್ಟದ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿ ತಯಾರಾದಾಗ ನನ್ನ ಮಗನ ಹೆಸರು ಅದರಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವನಿಗೆ ವೈದ್ಯಕೀಯ ಮೌಲ್ಯಾಂಕನ ಶಿಬಿರದ ಕರೆ ಬರಲಿಲ್ಲ, ಮಗುವನ್ನು ಶಾಲೆಗೆ ಕರೆದೊಯ್ಯುವವರಿಗೆ ಕೊಡುವ ಬೆಂಗಾವಲು ಭತ್ಯೆ ಸಿಗಲಿಲ್ಲ. ಬಿಐಇಆರ್‌ಟಿ ಮೇಡಂ ಪ್ರತಿ ತಿಂಗಳೂ ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲೇ ಬಸ್ಸಿನಲ್ಲಿ ಪಕ್ಕದೂರಿಗೆ ಹೋಗುತ್ತಿದ್ದರಂತೆ. ಇಳಿಯಲು ಅವರಿಗೆ ಕಾರಣವೇ ಇರಲಿಲ್ಲ. ಹೀಗೆ ಎರಡು ವರ್ಷ ಕಳೆದವು. ಸಿಬ್ಬಂದಿ ಕೊರತೆ ಎಂದು ನಾವು ದೂರುತ್ತೇವೆ, ಆದರೆ ಹುದ್ದೆಗಳ ಲೆಕ್ಕ ಹುಟ್ಟುವುದು ಮಕ್ಕಳ ಲೆಕ್ಕದಿಂದ. ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಮುಚ್ಚಿಟ್ಟ ಮಗು ಆ ಹತ್ತರಲ್ಲಿ ಎಣಿಕೆಗೆ ಸಿಗುವುದಿಲ್ಲ.

ಮೂರನೇ ತರಗತಿಯಲ್ಲಿ ದಾಖಲೆ ತಿದ್ದಿಸಿದ ಮೇಲೆ ಮೇಡಂ ಬಂದರು. ಶಾಲೆಯ ಜಗಲಿಯ ಮೇಲೆ ಕುಳಿತು, ಮೊಟ್ಟೆಯ ಖಾಲಿ ಟ್ರೇಯ ಒಂದೊಂದು ಗುಳಿಗೆ ಒಂದೊಂದು ಹುಣಸೆ ಬೀಜ ಹಾಕಿಸುತ್ತಾ ಎಣಿಕೆ ಕಲಿಸಿದರು. ಮಗ ಎರಡು ಬೀಜಗಳನ್ನು ಒಂದೇ ಗುಳಿಗೆ ಹಾಕಿದಾಗ ಏನೂ ಹೇಳದೆ, ಅವನೇ ಒಂದನ್ನು ಹೊರಗೆ ತೆಗೆಯುವವರೆಗೆ ಕಾದರು. ಪಕ್ಕದಲ್ಲಿ ತರಗತಿಯ ಶಿಕ್ಷಕಿಯನ್ನೂ ಕೂರಿಸಿಕೊಂಡು, ‘ನಾನು ಬರುವುದು ಇನ್ನು ಮುಂದಿನ ತಿಂಗಳು, ದಿನವೂ ಮಾಡಿಸಬೇಕಾದವರು ನೀವು’ ಎಂದರು. ಆ ಶಿಕ್ಷಕಿ ಮಾಡಿಸಿದರು. ವಿಶೇಷ ಶಿಕ್ಷಕರು ಬಂದ ಮೇಲೆಯೇ ಕಲಿಕೆ ಶುರುವಾಗುತ್ತದೆ ಎಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪದಿರುವುದು ಇದನ್ನು ಕಣ್ಣಾರೆ ಕಂಡದ್ದರಿಂದ.

ಗೃಹಾಧಾರಿತ ಶಿಕ್ಷಣವಿರುವುದು ತೀವ್ರ ಅಥವಾ ಬಹುವಿಧ ಅಂಗವೈಕಲ್ಯದಿಂದಾಗಿ ಶಾಲೆಗೆ ಬರಲಾಗದ ಮಕ್ಕಳಿಗೆ. ನಿಮ್ಮ ಮಗ ನಡೆದುಕೊಂಡೇ ಶಾಲೆಗೆ ಹೋಗುತ್ತಾನೆ ಎಂದು ನೀವೇ ಬರೆದಿದ್ದೀರಿ. ಮನೆ ಭೇಟಿಯ ಜವಾಬ್ದಾರಿಯೂ ಅದೇ ಬಿಐಇಆರ್‌ಟಿಯವರದು. ಶಾಲೆಗೆ ಬರಲು ಬಿಡುವಿಲ್ಲದವರು ನಿಮ್ಮ ಮನೆಗೆ ವಾರವಾರವೂ ಬರುವುದು ಹೇಗೆ? ಮನೆಯಲ್ಲಿ ಜೊತೆಯ ಮಕ್ಕಳೂ ಇರುವುದಿಲ್ಲ. ನಗರದ ವಿಶೇಷ ಶಾಲೆಯ ಬಗ್ಗೆ ನಾನು ಹೆಚ್ಚು ಹೇಳಲಾರೆ, ನಾವು ಆ ದಾರಿ ಹಿಡಿಯಲಿಲ್ಲ.

ನಾಳೆಯೇ ಹೋಗಿ ಆ ಕಾಲಮ್ಮಿನಲ್ಲಿ ಏನಿದೆ ಎಂದು ನೋಡಿ, ತಪ್ಪಿದ್ದರೆ ತಿದ್ದಿಸಿ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರವಿದ್ದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಕಲಮಿನಂತೆ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಅವನ ಹಕ್ಕು. ಅದನ್ನು ಉಲ್ಲೇಖಿಸಿ, ಭೇಟಿಯ ದಿನಗಳನ್ನು ನಿಗದಿಪಡಿಸಿ ತಿಳಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ, ಎರಡನೇ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.